ಮನಸ್ಸಿನ ಗುಳಿಗೆ, ಮೈಯ ಲೆಕ್ಕ

(ಮಹಿಳಾ ವಿಭಾಗದ ಆರೋಗ್ಯ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾನಸಿಕ ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ನನ್ನನ್ನು ಕರೆದರು. ನಾನು ಮನೋವೈದ್ಯೆ ಅಲ್ಲ. ಈ ಮುಂಬೈಯಲ್ಲಿ ಮೂವತ್ತೊಂದು ವರ್ಷ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಹೆಚ್ಚು ಕಾಲ ಇದ್ದದ್ದು ಮೆಡಿಕಲ್ ವಾರ್ಡಿನಲ್ಲಿ, ಅಂದರೆ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆಯವರ ನಡುವೆ. ಆದರೆ ನನ್ನ ಮನೆಯಲ್ಲಿ ನನ್ನ ತಂಗಿ ಇದ್ದಾಳೆ. ಅವಳಿಗೆ ಇಪ್ಪತ್ಮೂರನೆಯ ವಯಸ್ಸಿನಿಂದ ಸ್ಕಿಜೋಫ್ರೇನಿಯಾ. ಈಗ ಐವತ್ತು ದಾಟಿದೆ.

ಅವಳ ವಿಷಯ ಇಲ್ಲಿ ಹೇಳಲೇ ಎಂದು ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳು. ಆದರ ನನ್ನ ತೂಕ ಎಷ್ಟಂತ ಹೇಳಬ್ಯಾಡ" ಅಂದಳು. ಆ ಶರತ್ತಿಗೆ ಒಪ್ಪಿ ಬಂದಿದ್ದೇನೆ. ತೂಕವೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತೇನೆ.

ಈ ಕಾಯಿಲೆಯ ಬಗ್ಗೆ ಮಾತಾಡುವಾಗ ನಾವು ಮನಸ್ಸಿನ ಬಗ್ಗೆ ಮಾತ್ರ ಮಾತಾಡುತ್ತೇವೆ. ಕಿವಿಯಲ್ಲಿ ಯಾರೋ ಮಾತಾಡಿದ ಹಾಗಾಗುವುದು, ಸಂಶಯ, ಒಬ್ಬರೇ ನಗುವುದು, ಇವೆಲ್ಲ ನಿಮಗೆ ಗೊತ್ತು. ಆದರೆ ಗುಳಿಗೆ ಹೋಗುವುದು ಹೊಟ್ಟೆಗೆ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಇಡೀ ಮೈಗೆ. ಮೈಯಲ್ಲಿ ಅದು ಏನೇನು ಮಾಡುತ್ತದೆ ಎಂಬುದನ್ನು ನೋಡುವವರು ಯಾರು? ಡಾಕ್ಟರು ನೋಡುವುದು ತಿಂಗಳಿಗೋ ಎರಡು ತಿಂಗಳಿಗೋ ಹತ್ತು ನಿಮಿಷ. ದಿನವೂ ನೋಡುವವರು ನಾವು. ನೋಡುತ್ತೇವೆ, ಆದರೆ ಕಂಡದ್ದನ್ನು ಬೇರೆಯೇ ಹೆಸರಿನಿಂದ ಕರೆಯುತ್ತೇವೆ. ಸೋಮಾರಿತನ, ಹಟ, ಹೊಟ್ಟೆಬಾಕತನ, ನಾಟಕ. ನಾನೂ ಈ ಎಲ್ಲ ಹೆಸರುಗಳನ್ನು ಇಟ್ಟವಳೇ.

ಮೊದಲಿನಿಂದ ಹೇಳುತ್ತೇನೆ. 1995ರಲ್ಲಿ ಅವಳು ಧಾರವಾಡದಲ್ಲಿ ಅವ್ವನ ಹತ್ತಿರ ಇದ್ದಳು. ನಾನು ಮದುವೆಯಾಗಿ ಡೊಂಬಿವಲಿಗೆ ಬಂದಿದ್ದೆ. ಅಲ್ಲಿಯ ಡಾಕ್ಟರು ಹ್ಯಾಲೋಪೆರಿಡಾಲ್ ಶುರು ಮಾಡಿದರು. ಮೂರನೆಯ ದಿನ ರಾತ್ರಿ ಅವ್ವ ಪಕ್ಕದ ಮನೆಯಿಂದ ಫೋನು ಮಾಡಿ ಅಳತೊಡಗಿದಳು. "ಯಾರೋ ಕುತ್ತಿಗಿ ಹಿಡದು ತಿರುವಿದಂಗ ಆಗೇತಿ. ಕಣ್ಣು ಮ್ಯಾಲ ಹೋಗ್ಯಾವು. ನಾಲಿಗಿ ಹೊರಳವಲ್ತು." ಓಣಿಯವರೆಲ್ಲ ಸೇರಿ ಇದು ಗಾಳಿ ಸೋಕಿದ್ದೇ ಎಂದು ತೀರ್ಮಾನಿಸಿಬಿಟ್ಟಿದ್ದರು. ಒಬ್ಬರು ಯಂತ್ರ ಕಟ್ಟಿಸಲು ಹೊರಟಿದ್ದರು.

ಅದು ಗಾಳಿಯಲ್ಲ, ಅಕ್ಯೂಟ್ ಡಿಸ್ಟೋನಿಯಾ. ಈ ಔಷಧಿ ಶುರು ಮಾಡಿದ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಕುತ್ತಿಗೆ, ದವಡೆ, ನಾಲಿಗೆ, ಕಣ್ಣಿನ ಸ್ನಾಯುಗಳು ಹೀಗೆ ಸೆಟೆದುಕೊಳ್ಳಬಹುದು. ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು. ನೋಡಿದವರ ಎದೆ ಒಡೆಯುತ್ತದೆ, ಆದರೆ ಉಪಾಯ ಸುಲಭ. ಆಸ್ಪತ್ರೆಯಲ್ಲಿ ಫೆನರ್ಗಾನ್ ಇಂಜೆಕ್ಷನ್ ಕೊಟ್ಟರು, ಅರ್ಧ ಗಂಟೆಯಲ್ಲಿ ಕುತ್ತಿಗೆ ನೆಟ್ಟಗಾಯಿತು. ಅವ್ವ ಮಾತ್ರ ಆಮೇಲೂ ಎಷ್ಟೋ ವರ್ಷ ಆ ರಾತ್ರಿಯ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದಳು. 'ಹೀಗಾದೀತು, ಆದರೆ ಹೆದರಬೇಡಿ, ಕೂಡಲೇ ಕರೆದುಕೊಂಡು ಬನ್ನಿ' ಎಂದು ಗುಳಿಗೆ ಕೊಡುವಾಗಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಅಷ್ಟು ಭಯ ಇರುತ್ತಿರಲಿಲ್ಲ.

ಇದು ಯಾಕೆ ಆಗುತ್ತದೆ? ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಇದೆ. ಸುದ್ದಿ ಒಯ್ಯುವ ಅಂಚೆಯವನು ಅಂದುಕೊಳ್ಳಿ. ಮಿದುಳಿನ ಒಂದು ದಾರಿಯಲ್ಲಿ ಅವನ ಓಡಾಟ ಹೆಚ್ಚಾದಾಗ ಇಲ್ಲದ ದನಿ ಕೇಳುವುದು, ಸಂಶಯ ಬೆಳೆಯುವುದು ಆಗುತ್ತದೆ ಎಂದು ತಿಳಿದಿದ್ದಾರೆ. ಔಷಧಿ ಆ ಬಾಗಿಲನ್ನು ಮುಚ್ಚುತ್ತದೆ. ಆದರೆ ಇದೇ ಡೋಪಮೈನ್ ಕೈಕಾಲುಗಳ ಚಲನೆಯ ದಾರಿಯಲ್ಲೂ ಬೇಕು, ಹಾರ್ಮೋನಿನ ದಾರಿಯಲ್ಲೂ ಬೇಕು. ಗುಳಿಗೆಗೆ ಯಾವ ಬಾಗಿಲು ಎಂದು ಗೊತ್ತಾಗುವುದಿಲ್ಲ, ಎಲ್ಲವನ್ನೂ ಮುಚ್ಚುತ್ತದೆ. ಅಡ್ಡ ಪರಿಣಾಮ ಎಂದು ನಾವು ಕರೆಯುವುದು ಔಷಧಿ ಕೆಟ್ಟಿದ್ದಕ್ಕೆ ಬಂದದ್ದಲ್ಲ. ಅದೇ ಕೆಲಸವನ್ನು ಬೇರೆ ಜಾಗದಲ್ಲೂ ಮಾಡಿದ್ದಕ್ಕೆ ಬಂದದ್ದು.

ಈ ಬಗೆಯ ಮೊದಲ ಔಷಧಿ ಕ್ಲೋರ್‌ಪ್ರೊಮಜಿನ್. 1952ರಲ್ಲಿ ಪ್ಯಾರಿಸ್ಸಿನ ಡಾಕ್ಟರುಗಳು ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಅದಕ್ಕೂ ಮೊದಲು ನಮ್ಮ ದೇಶದ ಸರ್ಪಗಂಧದ ಬೇರನ್ನು ಉನ್ಮಾದಕ್ಕೆ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಇದನ್ನು ಯಾಕೆ ಹೇಳಿದೆ ಅಂದರೆ, ಪ್ರತಿ ಸಭೆಯಲ್ಲೂ ಯಾರಾದರೂ ಎದ್ದು, 'ಇಂಗ್ಲಿಷ್ ಔಷಧಿ ಉಷ್ಣ, ಗಿಡಮೂಲಿಕೆಗೆ ಅಡ್ಡ ಪರಿಣಾಮ ಇಲ್ಲ' ಅನ್ನುತ್ತಾರೆ. ಸರ್ಪಗಂಧದಿಂದ ತೆಗೆದ ರಿಸರ್ಪಿನ್ ಕೂಡ ರಕ್ತದೊತ್ತಡ ಇಳಿಸುತ್ತಿತ್ತು, ಕೈ ನಡುಗಿಸುತ್ತಿತ್ತು, ಕೆಲವರನ್ನು ಖಿನ್ನತೆಗೂ ತಳ್ಳುತ್ತಿತ್ತು. ಮೈಯಲ್ಲಿ ಕೆಲಸ ಮಾಡುವ ವಸ್ತು ಬೇರಿನಲ್ಲಿದ್ದರೂ ಮೈಗೆ ಲೆಕ್ಕ ಕೊಡಬೇಕು.

ಅವ್ವ ತೀರಿಕೊಂಡ ಮೇಲೆ 1999ರಲ್ಲಿ ತಂಗಿ ಡೊಂಬಿವಲಿಗೆ ಬಂದಳು. ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪುಗಳಲ್ಲಿ ಮೊದಲನೆಯದು ಆಗ ಆಯಿತು.

ಅವಳು ನಡೆಯುತ್ತಿದ್ದಳು. ಒಂದು ಕೋಣೆ, ಅಡುಗೆಮನೆ, ಮತ್ತೆ ಕೋಣೆ. ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುವಳು. ನಿಂತರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವಳು. ರಾತ್ರಿ ಎರಡು ಗಂಟೆಗೂ ನಡಿಗೆಯೇ. ಕೆಳಗಿನ ಮನೆಯವರು ಬಂದು ಜಗಳ ತೆಗೆದರು. ನಾನು ನೈಟ್ ಡ್ಯೂಟಿ ಮುಗಿಸಿ ಬಂದವಳು, ಸಿಟ್ಟಿನಲ್ಲಿ, "ಒಂದು ಗಳಿಗಿ ಸುಮ್ಮನ ಕೂಡಾಕ ಏನು ದಾಡಿ ನಿನಗ?" ಎಂದು ಬೈದೆ. ಅವಳು ಹೇಳಿದ ಮಾತು ಇವತ್ತಿಗೂ ನೆನಪಿದೆ. "ಅಕ್ಕಾ, ಕೂಡಬೇಕಂತೀನಿ, ಕೂಡಾಕ ಆಗವಲ್ತು. ಕಾಲಿನ ಒಳಗ ಇರಿವಿ ಹರದಾಡಿದಂಗ ಆಗತೈತಿ. ಚರ್ಮದ ಒಳಗಿಂದ ನಾನು ಹೊರಗ ಬರಬೇಕು ಅನ್ನಸತೈತಿ."

ನರ್ಸಿಂಗ್ ಶಾಲೆಯಲ್ಲಿ ಈ ಪಾಠ ಓದಿ ಪಾಸಾದವಳು ನಾನು. ಪುಸ್ತಕದಲ್ಲಿ ಇದಕ್ಕೆ ಅಕಥೀಸಿಯಾ ಎಂದು ಹೆಸರು. ಕುಳಿತುಕೊಳ್ಳಲು ಆಗದಿರುವುದು ಎಂದೇ ಅದರ ಅರ್ಥ. ಪರೀಕ್ಷೆಯಲ್ಲಿ ಬರೆದಿದ್ದೆ, ಮನೆಯಲ್ಲಿ ಗುರುತಿಸಲಿಲ್ಲ.

ಓ.ಪಿ.ಡಿ.ಗೆ ಕರೆದುಕೊಂಡು ಹೋದೆ. ಡಾಕ್ಟರು ಹಿಂದಿಯಲ್ಲಿ ಕೇಳಿದರು, "ಘಬರಾಹಟ್ ಹೋತೀ ಹೈ ಕ್ಯಾ?" ತಂಗಿಗೆ ಆಗ ಹಿಂದಿ ಅಷ್ಟಕ್ಕಷ್ಟೆ. "ಹಾಂ" ಅಂದಳು. ನಾನೂ ತಲೆ ಹಾಕಿದೆ. ಅವರು ಕಾಗದದಲ್ಲಿ ಅದನ್ನೇ ಬರೆದುಕೊಂಡರು. ರೋಗ ಹೆಚ್ಚಾಗಿ ಹೆದರಿಕೆ ಬಂದಿದೆ ಎಂದು ಹ್ಯಾಲೋಪೆರಿಡಾಲ್ ಹೆಚ್ಚಿಸಿದರು. ಅವರದು ತಪ್ಪು ಎನ್ನಲಾರೆ, ನಾವು ಕೊಟ್ಟ ಮಾತೇ ಅದು. ಗುಳಿಗೆ ಹೆಚ್ಚಾದ ಹಾಗೆ ನಡಿಗೆಯೂ ಹೆಚ್ಚಾಯಿತು. ಬೆಂಕಿಗೆ ಎಣ್ಣೆ ಹಾಕಿ ಬೆಂಕಿ ಯಾಕೆ ಆರಲಿಲ್ಲ ಎಂದು ನೋಡಿದ ಹಾಗೆ.

ಒಂದು ತಿಂಗಳಾದ ಮೇಲೆ ತುಳಸಿ ಕುಂಡಕ್ಕೆ ಮಣ್ಣು ಹಾಕಲು ಹೋದಾಗ ಗುಳಿಗೆಗಳು ಸಿಕ್ಕವು. ಒಂದಲ್ಲ ಎರಡಲ್ಲ, ಒಂದು ಹಿಡಿ. ನೀರು ಹಾಕಿದಾಗ ಬಣ್ಣ ಬಿಟ್ಟು ಬೇರಿಗೆ ಅಂಟಿಕೊಂಡಿದ್ದವು. ಅಷ್ಟರಲ್ಲಿ ಹಳೆಯ ದನಿಗಳು ವಾಪಸು ಬಂದಿದ್ದವು. ಎರಡು ವಾರ ಆಸ್ಪತ್ರೆಯಲ್ಲಿ ಇರಬೇಕಾಯಿತು.

ನಾವು ಏನನ್ನುತ್ತೇವೆ? 'ಈ ರೋಗದವರು ಗುಳಿಗೆ ತಗೊಳ್ಳೋದೇ ಇಲ್ಲ, ತಮಗೆ ರೋಗ ಇದೆ ಅಂತಲೇ ಒಪ್ಪೋದಿಲ್ಲ.' ಅದು ಕೆಲವೊಮ್ಮೆ ನಿಜ. ಆದರೆ ಎಷ್ಟೋ ಸಲ ಅವರು ಬಿಡುವುದು ಗುಳಿಗೆಯಿಂದ ಮೈಗೆ ಆಗುವ ಹಿಂಸೆ ತಾಳಲಾರದೆ. ಅಕಥೀಸಿಯಾ ಇದ್ದವರಲ್ಲಿ ಜೀವ ಬೇಡ ಎನ್ನುವ ಯೋಚನೆಯೂ ಬರಬಹುದು, ಆದ್ದರಿಂದ ಅದನ್ನು ಹಗುರವಾಗಿ ನೋಡಬಾರದು.

ಆಸ್ಪತ್ರೆಯಲ್ಲಿದ್ದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ತಂಗಿಯನ್ನು ಕುರ್ಚಿಯಲ್ಲಿ ಕೂಡಿಸಿ, ಐದು ನಿಮಿಷ ಏನೂ ಮಾತಾಡದೆ ಅವಳ ಪಾದಗಳನ್ನೇ ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ಅವರ ಭಾಷೆಯಲ್ಲಿ ಅವರು ಏನಂತಾರೆ? ಅದನ್ನೇ ಹೇಳಿ." ನಾನು ಇರುವೆಯ ಮಾತು ಹೇಳಿದೆ. ಅವರು ಡೋಸ್ ಇಳಿಸಿ, ಪ್ರೊಪ್ರನಲಾಲ್ ಸೇರಿಸಿದರು. ಬಿ.ಪಿ.ಗೆ ಕೊಡುವ ಗುಳಿಗೆಯೇ ಅದು, ಅಸ್ತಮಾ ಇದ್ದವರಿಗೆ ಆಗುವುದಿಲ್ಲ. ಒಂದು ವಾರದಲ್ಲಿ ತಂಗಿ ಕುಳಿತು ಊಟ ಮಾಡಿದಳು. ಅವಳು ಕುಳಿತು ಊಟ ಮಾಡಿದ್ದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅದಕ್ಕೇ ಇಲ್ಲಿರುವ ನಿಮಗೆ ಹೇಳುವುದು. ನಾವು ಹೊರನಾಡ ಕನ್ನಡಿಗರು. ಮನೆಯಲ್ಲಿ ಒಂದು ಭಾಷೆ, ಆಸ್ಪತ್ರೆಯಲ್ಲಿ ಇನ್ನೊಂದು. ಮೊಣಕಾಲು ನೋವನ್ನು ಯಾವ ಭಾಷೆಯಲ್ಲಾದರೂ ಬೆರಳು ತೋರಿಸಿ ಹೇಳಬಹುದು. ತಳಮಳ, ಚಡಪಡಿಕೆ, ಹೆದರಿಕೆ, ಸಂಕಟ, ಇವುಗಳ ನಡುವಿನ ವ್ಯತ್ಯಾಸವನ್ನು ಬೆರಳು ತೋರಿಸಿ ಹೇಳಲಾಗದು. ಜೊತೆಗೆ ಹೋದವರು 'ಅಂದರೆ ಇವಳಿಗೆ ಟೆನ್ಶನ್, ಡಾಕ್ಟರ್' ಎಂದು ಒಂದೇ ಪದದಲ್ಲಿ ಮುಗಿಸಬೇಡಿ. ಅವರಾಡಿದ ಮಾತನ್ನು ಹಾಗೆಯೇ ಎತ್ತಿ ಡಾಕ್ಟರ ಮುಂದೆ ಇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಇದಕ್ಕೆ ಹಕ್ಕೇ ಇದೆ. ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡ ಪರಿಣಾಮಗಳೇನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು ಎಂದು ಅದರ 22ನೆಯ ಕಲಮು ಹೇಳುತ್ತದೆ. ಜಗಳವಾಡಲು ಅಲ್ಲ, ವಿನಯದಿಂದ ಕೇಳಲು ನೆನಪಿರಲಿ.

ಕೈ ನಡುಕ, ಮೈ ಬಿಗಿತ, ಮುಖದಲ್ಲಿ ಭಾವ ಇಲ್ಲದಿರುವುದು, ಬಾಯಿಂದ ಜೊಲ್ಲು, ಇವು ಪಾರ್ಕಿನ್ಸನ್ ಕಾಯಿಲೆಯ ಹಾಗೆ ಕಾಣುವ ಇನ್ನೊಂದು ಬಗೆ. ಇದಕ್ಕೆ ಟ್ರೈಹೆಕ್ಸಿಫೆನಿಡಿಲ್, ಪ್ಯಾಸಿಟೇನ್ ಎಂದು ಅಂಗಡಿಯಲ್ಲಿ ಸಿಗುವುದು, ಅದನ್ನು ಕೊಡುತ್ತಾರೆ. ಅದು ಒಳ್ಳೆಯದೇ, ಆದರೆ ಅದಕ್ಕೂ ತನ್ನದೇ ಕಾಟ ಇದೆ: ಬಾಯಿ ಒಣಗುವುದು, ಮಲಬದ್ಧತೆ, ಮರೆವು. ವರ್ಷಗಟ್ಟಲೆ ಯಾರೂ ಕೇಳದೆ ಚೀಟಿಯಲ್ಲಿ ಮುಂದುವರಿಯುವ ಗುಳಿಗೆ ಅದು. 'ಇದು ಇನ್ನೂ ಬೇಕೇ?' ಎಂದು ಒಮ್ಮೆ ಡಾಕ್ಟರನ್ನು ಕೇಳಿ. ಇನ್ನೊಂದು, ವರ್ಷಗಳ ಮೇಲೆ ಬರುವುದು ಟಾರ್ಡಿವ್ ಡಿಸ್ಕೈನೀಸಿಯಾ. ತುಟಿ ಚಪ್ಪರಿಸುವುದು, ನಾಲಿಗೆ ಹೊರಳಿಸುವುದು, ಎಲೆ ಅಡಿಕೆ ಅಗಿದ ಹಾಗೆ ದವಡೆ ಆಡುವುದು. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಇದಕ್ಕೆ ಪ್ಯಾಸಿಟೇನ್ ಉಪಯೋಗವಿಲ್ಲ, ಕೆಲವೊಮ್ಮೆ ಹೆಚ್ಚೇ ಮಾಡುತ್ತದೆ. ಬೇಗ ಕಂಡುಹಿಡಿದರೆ ಔಷಧಿ ಬದಲಿಸಲು ಅವಕಾಶ ಇರುತ್ತದೆ. ಹಲ್ಲು ಕಟ್ಟಿಸಿದ್ದು ಸರಿಯಾಗಿಲ್ಲ ಎಂದು ದಂತವೈದ್ಯರ ಹತ್ತಿರ ಓಡಾಡಿ ಕಾಲ ಕಳೆದವರನ್ನು ನಾನು ನೋಡಿದ್ದೇನೆ.

ಈಗ ಎರಡನೆಯ ತಪ್ಪಿಗೆ ಬರುತ್ತೇನೆ. ಇದು ಮೊದಲನೆಯದಕ್ಕಿಂತ ದೊಡ್ಡದು, ಯಾಕೆಂದರೆ ಇದು ನನ್ನ ಕಸುಬಿನ ವಿಷಯ.

2002ರ ಸುಮಾರಿಗೆ ಅವಳಿಗೆ ಓಲಾಂಜಪಿನ್ ಶುರುವಾಯಿತು. ನಡುಕ ಇಲ್ಲ, ಚಡಪಡಿಕೆ ಇಲ್ಲ, ರಾತ್ರಿ ನಿದ್ದೆ. ಮೂರು ತಿಂಗಳಲ್ಲಿ ಅವಳು ರೇಡಿಯೋ ಹಾಕಿಕೊಂಡು ಗುನುಗಿದಳು. ಏಳು ವರ್ಷದ ಮೇಲೆ ಆ ದನಿ ಕೇಳಿ ಮನೆಗೇ ದೀಪ ಬಂದ ಹಾಗಾಯಿತು. ಅದರ ಜೊತೆಗೆ ಹಸಿವೂ ಬಂತು.

ತೂಕ ಹೇಳಬಾರದೆಂದು ಮಾತು ಕೊಟ್ಟಿದ್ದೇನೆ. ಆದರೆ ಬಳೆಯ ಅಳತೆ ಹೇಳಬಾರದು ಎಂದು ಅವಳು ಹೇಳಿಲ್ಲ. ಧಾರವಾಡದಿಂದ ಬರುವಾಗ ಅವಳ ಬಳೆ ಎರಡು-ನಾಲ್ಕು. ಮೊದಲ ವರ್ಷದ ನಾಗರ ಪಂಚಮಿಗೆ ಎರಡು-ಆರು. ಮರುವರ್ಷ ಎರಡು-ಎಂಟು. ಆಮೇಲೆ ಎರಡು-ಹತ್ತು, ಅದೂ ಸೋಪು ಹಚ್ಚಿ. ಬಳೆಗಾರ ತಮಾಷೆ ಮಾಡಿದ, ನಾನೂ ನಕ್ಕೆ, ಅವಳು ನಗಲಿಲ್ಲ. ಹಳೆಯ ಜಂಪರುಗಳ ಹೊಲಿಗೆ ಬಿಚ್ಚಿಸಿ ಬಿಚ್ಚಿಸಿ ಬಿಡಲು ಬಟ್ಟೆಯೇ ಉಳಿಯಲಿಲ್ಲ.

ರಾತ್ರಿ ಎದ್ದು ಡಬ್ಬಿಯಲ್ಲಿದ್ದ ರೊಟ್ಟಿ, ಬ್ರೆಡ್ಡು, ಮಕ್ಕಳ ಬಿಸ್ಕಿಟು ಎಲ್ಲ ತಿನ್ನುವಳು. ನಾನು ಅಡುಗೆಮನೆಗೆ ಬೀಗ ಹಾಕಿದೆ. ಹೌದು, ಸ್ವಂತ ತಂಗಿಗೆ ಬೀಗ ಹಾಕಿದೆ. ಈ ಔಷಧಿ ಹೊಟ್ಟೆ ತುಂಬಿತು ಎಂದು ಮಿದುಳು ಹೇಳುವ ಸಂಕೇತವನ್ನೇ ಮಂದ ಮಾಡುತ್ತದೆ. ಉಂಡರೂ ಉಂಡ ಹಾಗೆ ಅನ್ನಿಸುವುದಿಲ್ಲ. ಅದನ್ನು ನಾಲಿಗೆ ಚಪಲ ಎಂದು ಕರೆದರೆ ಬಾಯಾರಿದವನನ್ನು ನೀರು ಕುಡುಕ ಎಂದ ಹಾಗೆ.

ತೂಕ ಹೆಚ್ಚಿಸುವುದರಲ್ಲಿ ಓಲಾಂಜಪಿನ್ ಮತ್ತು ಕ್ಲೋಜಪಿನ್ ಮುಂದೆ. ರಿಸ್ಪೆರಿಡೋನ್, ಕ್ವೆಟಿಯಪಿನ್ ನಡುವೆ. ಅರಿಪಿಪ್ರಜೋಲ್, ಲುರಾಸಿಡೋನ್ ಕಡಿಮೆ. ಆದರೆ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗಬೇಕೆಂದಿಲ್ಲ, ರೋಗಕ್ಕೆ ಯಾವುದು ಹಿಡಿಯುತ್ತದೆ ಎಂಬುದೂ ಬೇರೆ ಬೇರೆ. ಈ ಹೆಸರುಗಳನ್ನು ಬರೆದುಕೊಂಡು ಹೋಗಿ ಅಂಗಡಿಯಲ್ಲಿ ಕೇಳಬೇಡಿ, ದಯವಿಟ್ಟು.

2009ರಲ್ಲಿ ಅವಳು ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳತೊಡಗಿದಳು. ಬಾಟಲಿಗಟ್ಟಲೆ ನೀರು. ಕಾಲು ಉರಿ. ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಹಳೆಯ ಫೈಲು ತೆರೆದರು, ಮೊದಲ ಪುಟದ ರೋಗದ ಹೆಸರು ಓದಿದರು, ಫೈಲು ಮುಚ್ಚಿದರು. "ಇವೆಲ್ಲ ಅವರ ಮನಸ್ಸಿನ ಭಾವನೆ, ಸೈಕಿಯಾಟ್ರಿಸ್ಟನ್ನೇ ಕೇಳಿ" ಅಂದರು. ರಕ್ತ ಪರೀಕ್ಷೆ ಬರೆಯಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಇದೆ, ಹೆಸರು ಹೇಳುವುದಿಲ್ಲ. ಆದರೆ ಅವರು ಅವಳನ್ನು ನೋಡಿದ್ದು ಹತ್ತು ನಿಮಿಷ. ನಾನು? ಪ್ರತಿದಿನ ವಾರ್ಡಿನಲ್ಲಿ ಇಪ್ಪತ್ತು ಜನರ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದವಳು, ಸ್ವಂತ ತಂಗಿಯ ಬೆರಳು ಏಳು ವರ್ಷದಲ್ಲಿ ಒಮ್ಮೆಯೂ ಚುಚ್ಚಿರಲಿಲ್ಲ. ಅವಳ ಕಾಯಿಲೆ ತಲೆಯಲ್ಲಿ ಎಂದು ನಾನೂ ನಂಬಿದ್ದೆ.

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದೆ. ಮುನ್ನೂರರ ಮೇಲೆ ಇತ್ತು.

ಈ ರೋಗ ಇರುವವರು ಬೇರೆಯವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆತ್ಮಹತ್ಯೆ ಒಂದು ಕಾರಣ. ಆದರೆ ಹೆಚ್ಚಿನವರು ಸಾಯುವುದು ಹೃದಯ, ಸಕ್ಕರೆ, ಶ್ವಾಸಕೋಶದಂಥ ಮೈಯ ಕಾಯಿಲೆಗಳಿಂದ. ಹಾಗಂತ ಗುಳಿಗೆಯೇ ಸಾಯಿಸುತ್ತದೆ ಎಂದು ತಿಳಿಯಬೇಡಿ. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಿನ್ಲೆಂಡಿನ ಹನ್ನೊಂದು ವರ್ಷಗಳ ಅಧ್ಯಯನದಲ್ಲಿ, ದೀರ್ಘಕಾಲ ಔಷಧಿ ತೆಗೆದುಕೊಂಡವರಲ್ಲಿ ಸಾವು ಏನೂ ತೆಗೆದುಕೊಳ್ಳದವರಿಗಿಂತ ಕಡಿಮೆ ಇತ್ತು. ಔಷಧಿ ಬಿಟ್ಟರೆ ರೋಗ ತಿನ್ನುತ್ತದೆ. ಔಷಧಿ ಕೊಟ್ಟು ಮೈ ನೋಡದಿದ್ದರೆ ಸಕ್ಕರೆ ತಿನ್ನುತ್ತದೆ.

ನೋಡುವುದು ಅಂದರೆ ದೊಡ್ಡ ಕೆಲಸವಲ್ಲ. ಔಷಧಿ ಶುರು ಮಾಡುವ ಮೊದಲು ತೂಕ, ಸೊಂಟದ ಸುತ್ತಳತೆ, ಬಿ.ಪಿ., ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ನೋಡಿ ಬರೆದಿಡಬೇಕು. ಮೂರು ತಿಂಗಳಿಗೆ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ. ತೂಕ ಮಾತ್ರ ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ನೋಡಿ, ಯಾಕೆಂದರೆ ಮೊದಲ ವಾರಗಳಲ್ಲೇ ಅದು ಓಡತೊಡಗುತ್ತದೆ. ಆಗಲೇ ಹಿಡಿದರೆ ಸುಲಭ. ಸೊಂಟಕ್ಕೆ ಹೊಲಿಗೆಯ ಟೇಪು ಸಾಕು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರು, ಗಂಡಸರಿಗೆ 90 ದಾಟಿದರೆ ಎಚ್ಚರ. ತೂಕ ಹೆಚ್ಚದೆಯೂ ಕೆಲವರಲ್ಲಿ ಸಕ್ಕರೆ ಏರುತ್ತದೆ, ಅದಕ್ಕೇ ತೆಳ್ಳಗಿದ್ದಾರೆ ಎಂದು ರಕ್ತ ಪರೀಕ್ಷೆ ಬಿಡಬೇಡಿ. ನಮ್ಮ ಮನೆಯಲ್ಲಿ ಗೋಡೆಯ ಕಾಲನಿರ್ಣಯದಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತೇವೆ. ಬರೆಯುವುದು ಅವಳೇ. ವರ್ಷ ಮುಗಿದ ಮೇಲೆ ಆ ಹಾಳೆಗಳನ್ನು ಹರಿದು ಫೈಲಿಗೆ ಸೇರಿಸುತ್ತಾಳೆ. ಈಗ ಡಾಕ್ಟರು ಮೊದಲು ಕೇಳುವುದು ಆ ಹಾಳೆಯನ್ನೇ.

ಗಂಡಸರು ಇದ್ದಾರೆ ಎಂದು ನಾನು ಇಷ್ಟು ಹೊತ್ತು ತಡೆದಿದ್ದ ವಿಷಯ ಒಂದಿದೆ. ಇರಲಿ, ಅವರೂ ಕೇಳಲಿ. ಮುಟ್ಟಿನ ವಿಷಯ.

ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್‌ನಂಥ ಔಷಧಿಗಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತವೆ. ಹಾಲೂಡಿಸುವ ತಾಯಿಯಲ್ಲಿ ಏರುವ ಹಾರ್ಮೋನು ಅದು. ಮುಟ್ಟು ತಪ್ಪುತ್ತದೆ ಅಥವಾ ನಿಂತೇ ಹೋಗುತ್ತದೆ, ಎದೆಯಿಂದ ಹಾಲು ಒಸರಬಹುದು. ನನಗೆ ಗೊತ್ತಿದ್ದ ಒಂದು ಮನೆಯಲ್ಲಿ ಮದುವೆಯಾಗದ ಹುಡುಗಿಗೆ ಹೀಗಾಯಿತು. ಮನೆಯವರು ಅವಳನ್ನು ಕೇಳಬಾರದ ಪ್ರಶ್ನೆ ಕೇಳಿದರು. ಒಂದು ರಾತ್ರಿ ಇಡೀ ಕೇಳಿದರು. ಅವಳು ನಿಜ ಹೇಳುತ್ತಿದ್ದರೂ, 'ಇವಳಿಗೆ ಭ್ರಮೆ, ಇವಳ ಮಾತು ನಂಬುವ ಹಾಗಿಲ್ಲ' ಎಂದುಕೊಂಡರು. ಒಂದು ರಕ್ತ ಪರೀಕ್ಷೆ ಮಾಡಿಸಿದ್ದರೆ ಸಾಕಿತ್ತು. ಕಡೆಗೆ ಮಾಡಿಸಿದರು, ಔಷಧಿ ಬದಲಾಯಿತು, ಮುಟ್ಟು ಬಂತು. ಆ ರಾತ್ರಿಯ ಪ್ರಶ್ನೆಗಳು ಮಾತ್ರ ಆ ಹುಡುಗಿಯ ಮನಸ್ಸಿನಿಂದ ಹೋಗಿರಲಿಕ್ಕಿಲ್ಲ.

ಮುಟ್ಟು ನಿಂತರೆ ರಗಳೆ ತಪ್ಪಿತು ಎನ್ನುವ ತಾಯಂದಿರೂ ಇದ್ದಾರೆ. ಬಹಳ ಕಾಲ ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಮತ್ತೊಂದು, ಔಷಧಿ ಬದಲಿಸಿದ ಮೇಲೆ ಬಸಿರಾಗುವ ಸಾಧ್ಯತೆ ಮರಳಿ ಬರುತ್ತದೆ. ಮದುವೆಯಾದವರಿಗೆ ಇದನ್ನು ಮೊದಲೇ ಹೇಳಬೇಕು. ಬಸಿರಾದರೆ ಗಾಬರಿಯಲ್ಲಿ ಗುಳಿಗೆಗಳನ್ನು ಕಸದ ಡಬ್ಬಿಗೆ ಹಾಕಬೇಡಿ, ಅದೇ ವಾರ ಡಾಕ್ಟರನ್ನು ಕಾಣಿ. ಗಂಡಸರಲ್ಲೂ ಇದೇ ಹಾರ್ಮೋನಿನಿಂದ ಎದೆ ಊದುವುದು, ದಾಂಪತ್ಯದಲ್ಲಿ ಆಸಕ್ತಿ ಕುಂದುವುದು ಆಗುತ್ತದೆ. ಅವರು ಯಾರಿಗೂ ಹೇಳುವುದಿಲ್ಲ, ಗುಳಿಗೆ ನಿಲ್ಲಿಸಿಬಿಡುತ್ತಾರೆ.

ಕ್ಲೋಜಪಿನ್ ಬಗ್ಗೆ ಎರಡು ಮಾತು. ಬೇರೆ ಔಷಧಿಗಳಿಗೆ ಬಗ್ಗದ ರೋಗಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಕುಸಿಯುವಂತೆ ಮಾಡುತ್ತದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಇದರಿಂದ ಸಾವುಗಳಾಗಿ ಎಷ್ಟೋ ಕಡೆ ಮೂಲೆಗೆ ಸೇರಿತ್ತು, ಆಮೇಲೆ ರಕ್ತ ಪರೀಕ್ಷೆಯ ಕಟ್ಟುಪಾಡಿನೊಂದಿಗೆ ಮರಳಿ ಬಂತು. ಸಾಮಾನ್ಯವಾಗಿ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ನೋಡುತ್ತಾರೆ. ನಡುವೆ ಜ್ವರವೋ ಗಂಟಲು ನೋವೋ ಬಂದರೆ ಕಷಾಯ ಕುಡಿಸಿ ಕೂಡಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಎಲ್ಲರೂ ರಕ್ತದ ಭಯದಲ್ಲಿ ಮರೆಯುವುದು ಮಲಬದ್ಧತೆಯನ್ನು. ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಕರುಳಿನ ಚಲನೆ ನಿಂತು ಪ್ರಾಣಕ್ಕೇ ಬರಬಹುದು. ಮೂರು ದಿನ ಹೊರಗೆ ಹೋಗಿಲ್ಲ ಅಂದರೆ ಅದು ನಾಚಿಕೆಯ ವಿಷಯವಲ್ಲ, ಡಾಕ್ಟರಿಗೆ ಹೇಳುವ ವಿಷಯ. ಹಾಗೆಯೇ ಸಿಗರೇಟು, ಬೀಡಿಯ ಹೊಗೆ ರಕ್ತದಲ್ಲಿ ಕ್ಲೋಜಪಿನ್, ಓಲಾಂಜಪಿನ್‌ಗಳ ಪ್ರಮಾಣವನ್ನು ಇಳಿಸುತ್ತದೆ. ಸೇದುವವರು ಒಮ್ಮೆಲೇ ಬಿಟ್ಟರೆ ಪ್ರಮಾಣ ಏರುತ್ತದೆ, ತೂಕಡಿಕೆ ಹೆಚ್ಚುತ್ತದೆ. ಬಿಡಲಿ, ಖಂಡಿತ ಬಿಡಲಿ, ಡಾಕ್ಟರಿಗೆ ಹೇಳಿ ಬಿಡಲಿ.

ಯಾವ ಔಷಧಿಯಿಂದಲೂ ಅಪರೂಪಕ್ಕೆ ಬರುವ ಒಂದು ಅಪಾಯವಿದೆ. ಜೋರು ಜ್ವರ, ಮೈ ಕಟ್ಟಿಗೆಯ ಹಾಗೆ ಬಿಗಿಯುವುದು, ಬೆವರು, ಗೊಂದಲ. ಇಷ್ಟು ಒಟ್ಟಿಗೆ ಕಂಡರೆ ಮುಂದಿನ ಗುಳಿಗೆ ಕೊಡದೆ ನೇರ ಕ್ಯಾಶುವಾಲ್ಟಿಗೆ ಹೋಗಿ. ಯಾವ ಗುಳಿಗೆ ನಡೆಯುತ್ತಿದೆ ಎಂಬ ಚೀಟಿ ಕೈಯಲ್ಲಿರಲಿ. ಉಳಿದ ಯಾವ ತೊಂದರೆಗೂ ನಿಮ್ಮಷ್ಟಕ್ಕೆ ನೀವೇ ಗುಳಿಗೆ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ. ಹಾಗೆ ಮಾಡಿದ್ದರ ಫಲವನ್ನು ನಾನು ತುಳಸಿ ಕುಂಡದಲ್ಲಿ ಕಂಡವಳು.

ಡಾಕ್ಟರು ಸಿಗದಿದ್ದಾಗ, ಯಾರನ್ನು ಕೇಳುವುದೆಂದು ತಿಳಿಯದಿದ್ದಾಗ 14416ಕ್ಕೆ ಫೋನು ಮಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುವ ವ್ಯವಸ್ಥೆ ಇದೆ. ಚೆನ್ನೈಯಲ್ಲಿ ಬಂಧುಗಳಿದ್ದರೆ ಅಲ್ಲಿಯ ಸ್ಕಾರ್ಫ್ ಸಂಸ್ಥೆಯ ಹೆಸರು ತಿಳಿದಿರಲಿ. 1984ರಲ್ಲಿ ಅದನ್ನು ಕಟ್ಟಿದ ಡಾ. ಶಾರದಾ ಮೆನನ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ದೇಶದ ಮೊದಲ ಮಹಿಳಾ ಮನೋವೈದ್ಯೆ. ಮಹಿಳಾ ವಿಭಾಗದ ವೇದಿಕೆಯಲ್ಲಿ ಅವರ ಹೆಸರು ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ.

ತಂಗಿಯ ವಿಷಯ ಅರ್ಧಕ್ಕೆ ಬಿಟ್ಟೆ. ಸಕ್ಕರೆ ಗೊತ್ತಾದ ಮೇಲೆ ಡಾಕ್ಟರು ಮೆಟ್‌ಫಾರ್ಮಿನ್ ಶುರು ಮಾಡಿದರು. ಓಲಾಂಜಪಿನ್ ಅನ್ನು ಒಂದೇ ಸಲಕ್ಕೆ ನಿಲ್ಲಿಸದೆ, ಮೂರು ತಿಂಗಳಲ್ಲಿ ಇಳಿಸುತ್ತಾ ಅರಿಪಿಪ್ರಜೋಲ್‌ಗೆ ಬದಲಿಸಿದರು. ಆ ಮೂರು ತಿಂಗಳು ನಾನು ಸರಿಯಾಗಿ ಮಲಗಿಲ್ಲ. ನಡುವೆ ಒಮ್ಮೆ ಸಂಶಯ ಮರಳಿತು, ನಮ್ಮ ಬಾಗಿಲ ಹೊರಗೆ ಯಾರೋ ನಿಂತಿದ್ದಾರೆ ಅಂದಳು. ಡಾಕ್ಟರು ಓಲಾಂಜಪಿನ್ ಸ್ವಲ್ಪ ಉಳಿಸಿಕೊಂಡರು, ಇವತ್ತಿಗೂ ರಾತ್ರಿ ಒಂದು ಚಿಕ್ಕ ಗುಳಿಗೆ ಇದೆ. ಪೂರ್ತಿ ಗೆಲುವು ಅಲ್ಲ, ಒಂದು ರಾಜಿ. ಅಡುಗೆಮನೆಯ ಬೀಗ ತೆಗೆದು ಭಂಗಾರಿಗೆ ಹಾಕಿದೆ. ಈಗ ರಾತ್ರಿಗೆಂದು ಅವಳೇ ಸೌತೆಕಾಯಿ, ಮಜ್ಜಿಗೆ, ಹುರಿದ ಕಡಲೆ ತೆಗೆದಿಟ್ಟುಕೊಳ್ಳುತ್ತಾಳೆ. ಕೆಲವು ರಾತ್ರಿ ಬಿಸ್ಕಿಟೂ ಹೋಗುತ್ತದೆ. ನಾನು ಮಾತಾಡುವುದಿಲ್ಲ.

ಸಂಜೆ ನಾವಿಬ್ಬರೂ ನಡೆಯಲು ಹೋಗುತ್ತೇವೆ. ಮೊದಲು ಅವಳು ನಡೆಯುತ್ತಾಳೆಂದು ಬೈದವಳು, ಈಗ ನಡಿ ನಡಿ ಎಂದು ಬೆನ್ನು ಹತ್ತುವವಳು. ಅವಳು ಅದನ್ನು ಹೇಳಿ ನನ್ನನ್ನು ಛೇಡಿಸುತ್ತಾಳೆ.

ಹೋದ ತಿಂಗಳು ಮಾಟುಂಗಾ ಮಾರ್ಕೆಟ್ಟಿಗೆ ಹೋಗಿದ್ದೆವು. ಹಸಿರು ಗಾಜಿನ ಬಳೆ ಕೇಳಿದಳು. ಅಂಗಡಿಯವನು ಕೈ ನೋಡಿ ಎರಡು-ಹತ್ತು ತೆಗೆದ. ಬೇಡ, ಎರಡು-ಎಂಟು ಕೊಡಿ ಅಂದಳು. ಇಳಿಯಿತು. ಸ್ವಲ್ಪ ಕಷ್ಟದಿಂದ ಇಳಿಯಿತು, ಆದರೆ ಸೋಪು ಬೇಕಾಗಲಿಲ್ಲ.

ಚಹಾದ ಮೇಜಿನ ಪಕ್ಕದಲ್ಲಿ ಕಾರ್ಯದರ್ಶಿಗಳು ತೂಕದ ಯಂತ್ರ, ಬಿ.ಪಿ. ಯಂತ್ರ, ಒಂದು ಹೊಲಿಗೆಯ ಟೇಪು ಇಡಿಸಿದ್ದಾರೆ. ನಾನು ಅಲ್ಲೇ ಇರುತ್ತೇನೆ. ಮನೆಯಲ್ಲಿ ಈ ಗುಳಿಗೆ ತೆಗೆದುಕೊಳ್ಳುವವರಿದ್ದು, ಎಲ್ಲರ ಮುಂದೆ ಕೇಳಲು ಸಂಕೋಚವಾದರೆ, ನಿಮ್ಮ ಬಿ.ಪಿ. ನೋಡಿಸುವ ನೆಪದಲ್ಲಿ ಬನ್ನಿ. ಐದೂವರೆಗೆ ಮಾತ್ರ ನನ್ನನ್ನು ಬಿಟ್ಟುಕೊಡಬೇಕು, ನಡಿಗೆಗೆ ತಡವಾದರೆ ತಂಗಿ ಫೋನು ಮಾಡುತ್ತಾಳೆ.